ಇತಿಹಾಸದಲ್ಲಿ ‘ಈ ದಿನ’ ಯಾವ ದಿನ?

ಬೆಳಗಿನ ಪತ್ರಿಕೆಯ ಒಂದು ಮೂಲೆಯಲ್ಲಿ, ಶಾಲೆಯ ಪ್ರಾರ್ಥನೆ ಮುಗಿದ ಮೇಲೆ ಕಪ್ಪು ಹಲಗೆಯ ಮೇಲೆ, ಬಾನುಲಿಯ ಪ್ರಭಾತ ಪ್ರಸಾರದ ನಡುವೆ, ಹೀಗೆ ನಾನಾ ಕಡೆಗಳಲ್ಲಿ ದಿನವೂ ನಮಗೆ ಎದುರಾಗುವ ಪ್ರಶ್ನೆಯೊಂದುಂಟು: ಇತಿಹಾಸದಲ್ಲಿ ಈ ದಿನ ಏನು ನಡೆಯಿತು? ಈ ದಿನ ಹುಟ್ಟಿದ ಕವಿ ಯಾರು, ಮಡಿದ ದೊರೆ ಯಾರು, ಬಿದ್ದ ಕೋಟೆ ಯಾವುದು, ರುಜುವಾದ ಒಪ್ಪಂದ ಯಾವುದು? ಕೇಳುವವರು ನಾಲ್ಕು ಉತ್ತರಗಳನ್ನು ಮುಂದಿಡುತ್ತಾರೆ. ಅವುಗಳಲ್ಲಿ ಒಂದು ಸರಿ, ಮೂರು ತಪ್ಪು. ಇಂಥ ಆಟಕ್ಕೆ ‘ರಸಪ್ರಶ್ನೆ’ ಎಂಬ ಸೊಗಸಾದ ಹೆಸರನ್ನು ಕನ್ನಡ ಕಟ್ಟಿಕೊಂಡಿದೆ. ದಿನಾಂಕದ ಪ್ರಶ್ನೆಗಳಲ್ಲಿ ರಸವೇನೋ ಉಂಟು. ಪ್ರಶ್ನೆಯ ಅಂಶ ಮಾತ್ರ ಸಾಮಾನ್ಯವಾಗಿ ಕಡಿಮೆ. ಏಕೆಂದರೆ ಅಲ್ಲಿ ಎಲ್ಲವನ್ನೂ ಕೇಳುತ್ತಾರೆ, ‘ಈ ದಿನ’ ಎಂಬ ಮಾತೊಂದನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾನು ಇಂದು ಆ ಎರಡು ಪದಗಳನ್ನೇ ಹಿಡಿದು ಸ್ವಲ್ಪ ಎಳೆದು ನೋಡಬೇಕೆಂದಿದ್ದೇನೆ.

ಈ ಅಭ್ಯಾಸ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ವಿಲಿಯಂ ಹೋನ್ ಎಂಬಾತ ೧೮೨೫ರಲ್ಲಿ ‘ಎವೆರಿ-ಡೇ ಬುಕ್’ ಎಂಬ ಹೆಸರಿನಲ್ಲಿ ವರ್ಷದ ಒಂದೊಂದು ದಿನಕ್ಕೂ ಒಂದೊಂದು ಕಥನವನ್ನು ಹೊಂದಿಸಿ ಕಂತುಗಳಲ್ಲಿ ಪ್ರಕಟಿಸತೊಡಗಿದ. ಎಡಿನ್‌ಬರೋದ ರಾಬರ್ಟ್ ಚೇಂಬರ್ಸ್ ೧೮೬೪ರಲ್ಲಿ ಎರಡು ಭಾರಿ ಸಂಪುಟಗಳ ‘ಬುಕ್ ಆಫ್ ಡೇಸ್’ ಅನ್ನು ಮುಗಿಸಿದ. ಇಂದಿನ ‘ಇತಿಹಾಸದಲ್ಲಿ ಈ ದಿನ’ ಅಂಕಣಗಳೆಲ್ಲ ತಿಳಿದೋ ತಿಳಿಯದೆಯೋ ಈ ಇಬ್ಬರ ಮೊಮ್ಮಕ್ಕಳು. ನಮ್ಮಲ್ಲಿ ಇದಕ್ಕೆ ಸರಿಸಮಾನವಾದದ್ದು ಪಂಚಾಂಗ. ಆದರೆ ಪಂಚಾಂಗ ಮುಖ್ಯವಾಗಿ ಹೇಳುವುದು ಈ ದಿನ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು. ಹಿಂದೆ ಏನು ನಡೆಯಿತೆಂಬುದು ಅದಕ್ಕೆ ಅಷ್ಟು ಮುಖ್ಯವಲ್ಲ.

ರಸಪ್ರಶ್ನೆಕಾರರಿಗೆ ಅಚ್ಚುಮೆಚ್ಚಾದ ಒಂದು ಉದಾಹರಣೆಯಿಂದಲೇ ಹೊರಡೋಣ. ಗೆಲಿಲಿಯೋ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದ, ೧೬೪೨ರಲ್ಲಿ. ಪ್ರಕೃತಿ ಒಂದು ದೀಪ ಆರುವ ಮೊದಲೇ ಇನ್ನೊಂದನ್ನು ಹಚ್ಚಿತು ಎಂದು ಅಲಂಕಾರವಾಗಿ ಹೇಳುವುದುಂಟು. ಗೆಲಿಲಿಯೋ ಇಟಲಿಯಲ್ಲಿ ಮಡಿದದ್ದು ೧೬೪೨ರ ಜನವರಿ ೮ರಂದು. ನ್ಯೂಟನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು ೧೬೪೨ರ ಡಿಸೆಂಬರ್ ೨೫ರಂದು, ಕ್ರಿಸ್‌ಮಸ್ ದಿನ. ಎರಡು ದಿನಾಂಕಗಳೂ ಸರಿ. ಆದರೆ ಅವೆರಡನ್ನೂ ಒಟ್ಟಿಗೆ ಇಟ್ಟು ಹೇಳುವ ಮಾತು ಸರಿಯಲ್ಲ. ಇಟಲಿಯ ಗೋಡೆಗೆ ಆಗ ನೇತುಹಾಕಿದ್ದ ಕ್ಯಾಲೆಂಡರ್ ಬೇರೆ, ಇಂಗ್ಲೆಂಡಿನದು ಬೇರೆ. ಇಟಲಿಯ ಲೆಕ್ಕದಲ್ಲಿ ನ್ಯೂಟನ್ ಹುಟ್ಟಿದ್ದು ೧೬೪೩ರ ಜನವರಿ ೪ರಂದು. ಇಂಗ್ಲೆಂಡಿನ ಲೆಕ್ಕದಲ್ಲಿ ಗೆಲಿಲಿಯೋ ಮಡಿದದ್ದು ೧೬೪೧ರ ಡಿಸೆಂಬರ್ ೨೯ರಂದು. ಯಾವ ಒಂದು ಲೆಕ್ಕವನ್ನು ಹಿಡಿದರೂ ಇಬ್ಬರೂ ಒಂದೇ ವರ್ಷದವರಾಗುವುದಿಲ್ಲ. ಒಬ್ಬನ ದಿನವನ್ನು ಒಂದು ಊರಿನ ಲೆಕ್ಕದಿಂದಲೂ ಇನ್ನೊಬ್ಬನ ದಿನವನ್ನು ಇನ್ನೊಂದು ಊರಿನ ಲೆಕ್ಕದಿಂದಲೂ ತೆಗೆದುಕೊಂಡಾಗ ಮಾತ್ರ ಆ ದೀಪದ ಅಲಂಕಾರ ಉರಿಯುತ್ತದೆ.

ಈ ಎರಡು ಲೆಕ್ಕಗಳ ಕಥೆಯನ್ನು ಚುಟುಕಾಗಿ ಹೇಳಬೇಕು. ರೋಮಿನ ಜೂಲಿಯಸ್ ಸೀಸರ್ ನಿಗದಿಪಡಿಸಿದ ವರ್ಷದ ಉದ್ದ ಮುನ್ನೂರ ಅರವತ್ತೈದೂಕಾಲು ದಿನ. ನಿಜವಾದ ಸೌರವರ್ಷ ಅದಕ್ಕಿಂತ ಸುಮಾರು ಹನ್ನೊಂದು ನಿಮಿಷ ಕಡಿಮೆ. ಹನ್ನೊಂದು ನಿಮಿಷವೆಂದರೆ ನಾವು ಬಸ್ಸಿಗೆ ಕಾಯುವಷ್ಟೂ ಆಗಲಿಲ್ಲ. ಆದರೆ ನೂರ ಇಪ್ಪತ್ತೆಂಟು ವರ್ಷಗಳಲ್ಲಿ ಅದು ಒಂದಿಡೀ ದಿನವಾಗುತ್ತದೆ. ಹದಿನಾರನೆಯ ಶತಮಾನದ ಹೊತ್ತಿಗೆ ವಸಂತ ವಿಷುವ ಮಾರ್ಚ್ ೨೧ನ್ನು ಬಿಟ್ಟು ಮಾರ್ಚ್ ೧೧ಕ್ಕೆ ಸರಿದಿತ್ತು. ಪೋಪ್ ಹದಿಮೂರನೆಯ ಗ್ರೆಗರಿ ೧೫೮೨ರಲ್ಲಿ ಹತ್ತು ದಿನಗಳನ್ನು ಒಮ್ಮೆಗೇ ಕಿತ್ತುಹಾಕಿಸಿದ. ಆ ವರ್ಷದ ಅಕ್ಟೋಬರ್ ೪ರ ಗುರುವಾರ ಮಲಗಿದವರು ಎದ್ದದ್ದು ಅಕ್ಟೋಬರ್ ೧೫ರ ಶುಕ್ರವಾರ. ಸ್ಪೇನಿನ ಸಂತ ತೆರೇಸಾ ತೀರಿಕೊಂಡದ್ದು ಆ ರಾತ್ರಿಯೇ. ಅಂದಮೇಲೆ ಆಕೆಯ ಪುಣ್ಯದಿನ ಯಾವುದೆಂದು ಕೇಳುವ ರಸಪ್ರಶ್ನೆಕಾರನಿಗೆ ಧೈರ್ಯ ಬೇಕು.

ಕ್ಯಾಥೊಲಿಕ್ ದೇಶಗಳು ಈ ತಿದ್ದುಪಡಿಯನ್ನು ಬೇಗ ಒಪ್ಪಿದವು. ಪೋಪನ ಲೆಕ್ಕವನ್ನು ಒಪ್ಪುವುದಕ್ಕಿಂತ ಸೂರ್ಯನೊಡನೆ ಜಗಳವಾಡುವುದೇ ಮೇಲೆಂದು ಇಂಗ್ಲೆಂಡು ೧೭೫೨ರವರೆಗೆ ಕಾಯಿತು. ಅಷ್ಟರಲ್ಲಿ ಅಂತರ ಹನ್ನೊಂದು ದಿನಕ್ಕೆ ಏರಿತ್ತು. ಅಲ್ಲಿ ಸೆಪ್ಟೆಂಬರ್ ೨ರ ಮರುದಿನ ಸೆಪ್ಟೆಂಬರ್ ೧೪ ಆಯಿತು. ‘ನಮ್ಮ ಹನ್ನೊಂದು ದಿನ ನಮಗೆ ಕೊಡಿ’ ಎಂದು ಜನ ದಂಗೆಯೆದ್ದರೆಂಬ ಕಥೆಯನ್ನು ಇಂದಿನ ಇತಿಹಾಸಕಾರರು ನಂಬುವುದಿಲ್ಲ. ಸ್ವೀಡನ್ ಇದನ್ನು ಕಂತಿನಲ್ಲಿ ಮಾಡಹೊರಟು, ನಡುವೆ ಗೊಂದಲಕ್ಕೆ ಬಿದ್ದು, ಮತ್ತೆ ಹಳೆಯ ಲೆಕ್ಕಕ್ಕೇ ಮರಳಲು ೧೭೧೨ರಲ್ಲಿ ಫೆಬ್ರವರಿ ೩೦ ಎಂಬ ದಿನವನ್ನೇ ಸೃಷ್ಟಿಸಿತು. ಆ ದಿನ ಹುಟ್ಟಿದ ಮಗುವಿಗೆ ಆ ಮೇಲೆ ಹುಟ್ಟುಹಬ್ಬವೇ ಬರಲಿಲ್ಲವಲ್ಲ! ರಷ್ಯಾ ಬಹಳ ತಡವಾಗಿ, ೧೯೧೮ರಲ್ಲಿ, ಹದಿಮೂರು ದಿನಗಳನ್ನು ಬಿಟ್ಟುಕೊಟ್ಟಿತು. ಅಕ್ಟೋಬರ್ ಕ್ರಾಂತಿಯ ಉತ್ಸವ ನವೆಂಬರ್ ೭ರಂದು ನಡೆಯುತ್ತಿದ್ದುದು ಈ ಕಾರಣದಿಂದ.

ಸಾಹಿತ್ಯದ ಓದುಗರಿಗೆ ಹತ್ತಿರವಾದ ಎರಡು ಮಾತು. ಶೇಕ್ಸ್‌ಪಿಯರ್ ಮತ್ತು ಸೆರ್ವಾಂಟಿಸ್ ಇಬ್ಬರೂ ೧೬೧೬ರ ಏಪ್ರಿಲ್ ೨೩ರಂದು, ಒಂದೇ ದಿನ, ತೀರಿಕೊಂಡರೆಂದು ಹೇಳುವುದುಂಟು. ಯುನೆಸ್ಕೋ ಸಂಸ್ಥೆ ೧೯೯೫ರಲ್ಲಿ ಈ ತಾರೀಖನ್ನು ಪುಸ್ತಕ ದಿನವೆಂದು ಸಾರಿದುದರ ಹಿಂದೆಯೂ ಈ ನೆನಪುಂಟು. ಶೇಕ್ಸ್‌ಪಿಯರನ ಏಪ್ರಿಲ್ ೨೩ ಸ್ಪೇನಿನವರಿಗೆ ಮೇ ೩. ಸೆರ್ವಾಂಟಿಸನಾದರೋ ಏಪ್ರಿಲ್ ೨೨ರಂದೇ ಮಡಿದು ೨೩ರಂದು ಸಮಾಧಿಯಾದನೆಂದು ಬಲ್ಲವರು ಹೇಳುತ್ತಾರೆ. ಇಬ್ಬರಿಗೂ ಒಂದೇ ದಿನ ಮರಣ ಬರಲಿಲ್ಲ. ಒಂದೇ ಅಂಕಿ ಬಂತು, ಅಷ್ಟೆ. ಟಾಲ್‌ಸ್ಟಾಯ್ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಆತ ಹುಟ್ಟಿದ್ದು ರಷ್ಯದ ಹಳೆಯ ಲೆಕ್ಕದಲ್ಲಿ ೧೮೨೮ರ ಆಗಸ್ಟ್ ೨೮ರಂದು. ಇಪ್ಪತ್ತೆಂಟು ತನ್ನ ಅದೃಷ್ಟದ ಅಂಕಿಯೆಂದು ಆ ಮಹಾನುಭಾವ ನಂಬಿದ್ದ. ಎಂಬತ್ತೆರಡನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಹೊರಟದ್ದೂ ೧೯೧೦ರ ಅಕ್ಟೋಬರ್ ೨೮ರಂದೇ. ಈಗಿನ ಕೈಪಿಡಿಗಳು ಲೆಕ್ಕವನ್ನು ಶುದ್ಧಗೊಳಿಸಿ, ಆತ ಸೆಪ್ಟೆಂಬರ್ ೯ರಂದು ಹುಟ್ಟಿದನೆಂದೂ ನವೆಂಬರ್ ೧೦ರಂದು ಮನೆ ಬಿಟ್ಟನೆಂದೂ ಬರೆಯುತ್ತವೆ. ಗಣಿತ ಸರಿಹೋಯಿತು. ಟಾಲ್‌ಸ್ಟಾಯ್ ಮನಸ್ಸಿನಲ್ಲಿದ್ದ ಇಪ್ಪತ್ತೆಂಟು ಮಾತ್ರ ಕಾಣೆಯಾಯಿತು.

ಇದೆಲ್ಲ ಯೂರೋಪಿನ ತಕರಾರು, ನಮಗೇನು ಎಂದು ಕೇಳಬಹುದು. ಆ ತಕರಾರು ಹಡಗೇರಿ ನಮ್ಮ ಕರಾವಳಿಗೂ ಬಂದಿತ್ತು. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಇಂಗ್ಲಿಷರು, ಪುದುಚೇರಿಯಲ್ಲಿ ಫ್ರೆಂಚರು. ನಡುವಿನ ದೂರ ಕೆಲವು ದಿನಗಳ ಪ್ರಯಾಣ. ಕ್ಯಾಲೆಂಡರಿನ ದೂರ ಹನ್ನೊಂದು ದಿನ. ಪುದುಚೇರಿಯಿಂದ ಹೊರಟ ಕಾಗದವೊಂದು ಬರೆದ ದಿನಾಂಕಕ್ಕಿಂತ ಮೊದಲಿನ ದಿನಾಂಕದಲ್ಲಿ ಮದರಾಸನ್ನು ತಲಪುವುದು ಸಾಧ್ಯವಿತ್ತು. ೧೭೪೬ರಲ್ಲಿ ಲಾ ಬೂರ್ದೊನೆ ಎಂಬ ಫ್ರೆಂಚ್ ನೌಕಾನಾಯಕ ಮದರಾಸನ್ನು ಮುತ್ತಿದ. ಕೋಟೆ ಶರಣಾದದ್ದು ಗೆದ್ದವರ ಪತ್ರಗಳಲ್ಲಿ ಸೆಪ್ಟೆಂಬರ್ ೨೧, ಸೋತವರ ಪತ್ರಗಳಲ್ಲಿ ಸೆಪ್ಟೆಂಬರ್ ೧೦. ಸೋಲಿನ ದಿನವನ್ನು ಕೂಡ ಒಪ್ಪಂದದಿಂದ ಬರೆಯಲಾರದವರು ಇಬ್ಬರೂ! ಅದೇ ಸಮಯದಲ್ಲಿ ಪುದುಚೇರಿಯಲ್ಲಿ ಆನಂದರಂಗ ಪಿಳ್ಳೆ ಎಂಬ ವರ್ತಕ ತಮಿಳಿನಲ್ಲಿ ತನ್ನ ದಿನಚರಿಯನ್ನು ಬರೆದಿಡುತ್ತಿದ್ದ. ೧೭೩೬ರಿಂದ ೧೭೬೧ರವರೆಗೆ ಹಬ್ಬಿರುವ ಆ ದಿನಚರಿ ಅಂದಿನ ದಕ್ಷಿಣ ಭಾರತವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಅಪೂರ್ವ ಗ್ರಂಥ. ಆತನಂಥ ತಮಿಳರಿಗೆ ಅದು ಅಕ್ಷಯ ಸಂವತ್ಸರದ ಪುರಟ್ಟಾಸಿ ಮಾಸ. ಒಂದು ಕೋಟೆಯ ಪತನಕ್ಕೆ ಹೀಗೆ ಮೂರು ದಿನಾಂಕಗಳು.

ಆದರೆ ಒಂದು ಸಂಗತಿಯಲ್ಲಿ ಮೂವರಿಗೂ ಭೇದವಿರಲಿಲ್ಲ. ಆ ದಿನ ಬುಧವಾರ. ಇಂಗ್ಲಿಷರಿಗೂ ಬುಧವಾರ, ಫ್ರೆಂಚರಿಗೂ ಬುಧವಾರ, ಪಿಳ್ಳೆಯವರಿಗೂ ಬುಧವಾರ. ಪೋಪ್ ಗ್ರೆಗರಿ ಹತ್ತು ದಿನಗಳನ್ನು ಕಿತ್ತಾಗಲೂ ಗುರುವಾರದ ಮರುದಿನ ಶುಕ್ರವಾರವೇ ಬಂತೆಂಬುದನ್ನು ಆಗಲೇ ಹೇಳಿದೆ. ರಾಜರು ವರ್ಷದ ಆರಂಭವನ್ನು ಬದಲಿಸಿದ್ದಾರೆ, ತಿಂಗಳಿಗೆ ತಮ್ಮ ಹೆಸರನ್ನಿಟ್ಟಿದ್ದಾರೆ, ದಿನಗಳನ್ನು ನುಂಗಿದ್ದಾರೆ. ಏಳು ವಾರಗಳ ಈ ಸರಪಣಿಯನ್ನು ಮಾತ್ರ ಈ ಯಾವ ಸುಧಾರಣೆಯೂ ತುಂಡರಿಸಲಿಲ್ಲ. ಸೋಮವಾರ ಸಂತೆಯೆಂದರೆ ಸೋಮವಾರವೇ ಸಂತೆ.

ಈ ಸರಪಣಿಯನ್ನು ಹಿಡಿದೇ ನಮ್ಮ ಶಾಸನತಜ್ಞರು ಶತಮಾನಗಳ ಬಾವಿಗೆ ಇಳಿದರು. ಕನ್ನಡನಾಡಿನ ಶಾಸನವೊಂದು ಸಾಮಾನ್ಯವಾಗಿ ಕಾಲವನ್ನು ಹೇಳುವ ರೀತಿ ಹೀಗೆ: ಶಕವರ್ಷ ಇಷ್ಟು, ಸಂವತ್ಸರ ಇಂಥದು, ಮಾಸ, ಪಕ್ಷ, ತಿಥಿ, ಕೊನೆಗೆ ವಾರ. ಓದಿದರೆ ಎಲ್ಲವೂ ಖಚಿತವಾಗಿ ಕಾಣುತ್ತದೆ. ಲೆಕ್ಕಕ್ಕೆ ಕೂತಾಗ ತೊಡಕುಗಳು ಮೇಲೇಳುತ್ತವೆ. ಶಕವರ್ಷ ಕಳೆದದ್ದೋ ನಡೆಯುತ್ತಿರುವುದೋ? ಗತವೆಂದು ಹಿಡಿದರೆ ಒಂದು ವರ್ಷ, ವರ್ತಮಾನವೆಂದು ಹಿಡಿದರೆ ಇನ್ನೊಂದು. ಆ ವರ್ಷ ಅಧಿಕಮಾಸವಿತ್ತೇ? ತಿಥಿ ಸೂರ್ಯೋದಯಕ್ಕೆ ಇತ್ತೇ, ನಡುಹಗಲಿಗೆ ಬಂತೇ? ಪ್ರತಿಯೊಂದು ಊಹೆಗೂ ಒಂದೊಂದು ತಾರೀಖು ಹೊರಡುತ್ತದೆ. ಅವುಗಳಲ್ಲಿ ಯಾವುದು ಶಾಸನ ಹೇಳಿದ ವಾರಕ್ಕೆ ಬೀಳುತ್ತದೋ ಅದು ಸರಿಯೆಂದು ನಂಬಲು ಆಧಾರ ದೊರಕುತ್ತದೆ. ಯಾವ ಊಹೆಯೂ ವಾರಕ್ಕೆ ಕೂಡದಿದ್ದರೆ, ಬರೆದವನು ತಪ್ಪಿದನೋ, ಕೆತ್ತಿದವನು ತಪ್ಪಿದನೋ, ಇಲ್ಲವೆ ಶಾಸನವೇ ಕೂಟಸೃಷ್ಟಿಯೋ ಎಂಬ ಶಂಕೆ ಏಳುತ್ತದೆ. ಈ ಕೆಲಸಕ್ಕಾಗಿ ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ೧೮೯೬ರಲ್ಲಿ ಕೋಷ್ಟಕಗಳನ್ನು ಒದಗಿಸಿದರು. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು ಕ್ರಿ. ಶ. ೭೦೦ರಿಂದ ೧೭೯೯ರವರೆಗಿನ ದಿನಗಳನ್ನೆಲ್ಲ ಪಟ್ಟಿ ಮಾಡಿದ ಬೃಹತ್ ಸಂಪುಟಗಳನ್ನು ೧೯೨೨ರಲ್ಲಿ ಹೊರತಂದರು. ಹನ್ನೊಂದು ನೂರು ವರ್ಷಗಳ ದಿನಗಳನ್ನು ಒಂದೊಂದಾಗಿ ಎಣಿಸಿದ ಆ ತಾಳ್ಮೆಯನ್ನು ನೆನೆದಾಗ, ಅರ್ಧ ನಿಮಿಷದಲ್ಲಿ ಉತ್ತರ ಹೇಳಬೇಕೆನ್ನುವ ನಮ್ಮ ಸ್ಪರ್ಧೆಗಳ ಗಂಟೆ ಸ್ವಲ್ಪ ಕರ್ಕಶವಾಗಿ ಕೇಳುತ್ತದೆ.

ಒಂದು ನಿದರ್ಶನವನ್ನು ವಿವರವಾಗಿ ನೋಡೋಣ. ಕೃಷ್ಣದೇವರಾಯ ಯಾವಾಗ ತೀರಿಕೊಂಡ? ಬಹುಕಾಲ ಪುಸ್ತಕಗಳು ೧೫೨೯ ಅಥವಾ ೧೫೩೦ ಎಂದಷ್ಟೇ ಬರೆಯುತ್ತಿದ್ದವು. ಇತ್ತೀಚಿನ ವರ್ಷಗಳಲ್ಲಿ ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯಲ್ಲಿ, ಗೋಪಾಲಕೃಷ್ಣ ದೇವಾಲಯದ ಬಳಿ, ಕನ್ನಡ ಶಾಸನವೊಂದು ಬೆಳಕಿಗೆ ಬಂತು. ತುಮಕೂರಿನ ವೀರಪ್ರಸನ್ನ ಹನುಮಂತ ದೇವರ ಪೂಜೆಗೆ ಆ ಹಳ್ಳಿಯನ್ನು ದತ್ತಿಯಾಗಿ ಬಿಟ್ಟುದನ್ನು ಹೇಳುವ ಆ ಕಲ್ಲು, ರಾಯನ ಮರಣವನ್ನೂ ದಾಖಲಿಸುತ್ತದೆ. ತಜ್ಞರು ಅದರ ಕಾಲವನ್ನು ೧೫೨೯ರ ಅಕ್ಟೋಬರ್ ೧೭, ಭಾನುವಾರ ಎಂದು ನಿರ್ಣಯಿಸಿದ್ದಾರೆ. ಅಂದು ಹುಣ್ಣಿಮೆ, ಚಂದ್ರಗ್ರಹಣದ ದಿನ. ವಿಜಯನಗರವನ್ನು ಆಳಿದ ದೊರೆಗಳಲ್ಲೆಲ್ಲ ಹೆಸರಾದವನ ಕೊನೆಯ ದಿನ, ರಾಜಧಾನಿಯಿಂದ ದೂರದ ಒಂದು ಹಳ್ಳಿಯ ಕಲ್ಲಿನಲ್ಲಿ, ಒಂದು ದೇವಾಲಯದ ದತ್ತಿಯ ನಡುವೆ, ಸುಮಾರು ಐನೂರು ವರ್ಷ ಸುಮ್ಮನೆ ಕುಳಿತಿತ್ತು.

ಅಂದು ಭಾನುವಾರವೇ ಎಂಬುದನ್ನು ಕೇಳುಗರು ಕಾಗದ ಪೆನ್ಸಿಲು ಹಿಡಿದು ಪರೀಕ್ಷಿಸಬಹುದು. ಪೋಪನ ತಿದ್ದುಪಡಿಯ ಹಿಂದಿನ ಕೊನೆಯ ದಿನ, ೧೫೮೨ರ ಅಕ್ಟೋಬರ್ ೪, ಗುರುವಾರವೆಂದು ನಮಗೆ ಗೊತ್ತು. ೧೫೨೯ರ ಅಕ್ಟೋಬರ್ ೧೭ರಿಂದ ೧೫೮೨ರ ಅಕ್ಟೋಬರ್ ೧೭ಕ್ಕೆ ಐವತ್ತಮೂರು ವರ್ಷ, ಅವುಗಳಲ್ಲಿ ಹದಿಮೂರು ಅಧಿಕ ದಿನ. ಒಟ್ಟು ೧೯,೩೫೮ ದಿನ. ಅದರಲ್ಲಿ ಹದಿಮೂರನ್ನು ಕಳೆದರೆ ಅಕ್ಟೋಬರ್ ೪ಕ್ಕೆ ೧೯,೩೪೫ ದಿನ. ಏಳರಿಂದ ಭಾಗಿಸಿದರೆ ನಾಲ್ಕು ಉಳಿಯುತ್ತದೆ. ಗುರುವಾರದಿಂದ ನಾಲ್ಕು ದಿನ ಹಿಂದಕ್ಕೆ ಎಣಿಸಿ: ಬುಧ, ಮಂಗಳ, ಸೋಮ, ಭಾನು. ಕಲ್ಲಿನ ಮಾತು ಉಳಿಯಿತು. ಗ್ರಹಣದ ಸಾಕ್ಷಿಯಂತೂ ಇನ್ನೂ ಬಲವಾದದ್ದು. ವಾರ ಏಳರಲ್ಲಿ ಒಂದು ಸಲ ಆಕಸ್ಮಿಕವಾಗಿ ಕೂಡಬಹುದು, ಚಂದ್ರಗ್ರಹಣ ಹಾಗೆ ಕೂಡುವುದಿಲ್ಲ. ಗ್ರಹಣದ ಪುಣ್ಯಕಾಲವೆಂದು ಕೊಟ್ಟ ದಾನಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಹೇಳಿದ ದಿನ ಗ್ರಹಣವೇ ಇರದ ಶಾಸನಗಳೂ ಉಂಟೆನ್ನಿ. ಪುಣ್ಯಕ್ಕೆ ಆತುರಪಟ್ಟವರು ಗಣಿತಕ್ಕೆ ಕಾಯಲಿಲ್ಲವೆಂದು ಕಾಣುತ್ತದೆ.

ಈಗ ರಸಪ್ರಶ್ನೆಗೆ ಬನ್ನಿ. ಅಕ್ಟೋಬರ್ ೧೭ ಬಂದಾಗ, ‘ಈ ದಿನ ತೀರಿಕೊಂಡ ವಿಜಯನಗರದ ಸಾಮ್ರಾಟ ಯಾರು?’ ಎಂದು ಕೇಳಬಹುದೇ? ಕೇಳಬಹುದು, ಇತಿಹಾಸಕಾರರ ರೂಢಿಯೂ ಹಾಗೆಯೇ. ೧೫೮೨ಕ್ಕೆ ಹಿಂದಿನ ದಿನಗಳನ್ನು ಅವರು ಹಳೆಯ ಜೂಲಿಯನ್ ಲೆಕ್ಕದಲ್ಲೇ ಕೊಡುತ್ತಾರೆ. ಆದರೆ ಸೂರ್ಯನ ಸುತ್ತ ಭೂಮಿ ಅಂದು ಇದ್ದ ಎಡೆಗೆ ಮತ್ತೆ ಬರುವ ದಿನವನ್ನು ‘ಈ ದಿನ’ವೆಂದು ಹಿಡಿಯುವುದಾದರೆ ನಾವು ಅಕ್ಟೋಬರ್ ೨೭ರವರೆಗೆ ಕಾಯಬೇಕು. ರಾಯನ ಆಸ್ಥಾನದ ಜೋಯಿಸರನ್ನು ಕೇಳಿದರೆ ಎರಡನ್ನೂ ತಳ್ಳಿಹಾಕಿ ಹುಣ್ಣಿಮೆಯ ತಿಥಿಯನ್ನು ಹೇಳುತ್ತಿದ್ದರು. ಇದೇ ತೊಡಕು ೧೫೬೫ರ ಜನವರಿ ೨೩ರ ಯುದ್ಧಕ್ಕೂ ಉಂಟು. ಈಗಿನ ಲೆಕ್ಕಕ್ಕೆ ಅದು ಫೆಬ್ರವರಿ ೨. ತಾಳಿಕೋಟೆಯ ಕದನವೆಂದು ಹೆಸರಾದ ಅದು ತಾಳಿಕೋಟೆಯಲ್ಲಿ ನಡೆಯಲೂ ಇಲ್ಲವಾದ್ದರಿಂದ, ಪಾಪ, ಅದಕ್ಕೆ ದಿನವೂ ಊರೂ ಎರಡೂ ಅಸ್ಥಿರ.

ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನಂತೂ ತನ್ನದೇ ಕ್ಯಾಲೆಂಡರನ್ನು ರಚಿಸಿಕೊಂಡ. ಚಾಂದ್ರಮಾನ ಮಾಸಗಳು, ಋತುವಿಗೆ ಹೊಂದಿಸಲು ಅಧಿಕಮಾಸ, ಅರವತ್ತು ಸಂವತ್ಸರಗಳ ಚಕ್ರ, ಇವೆಲ್ಲ ನಮ್ಮ ಪಂಚಾಂಗದ ಹಾದಿಯಲ್ಲೇ. ಹೆಸರುಗಳು ಮಾತ್ರ ಬೇರೆ. ‘ಮೌಲೂದಿ’ ಎನ್ನಿಸಿಕೊಂಡ ಈ ಗಣನೆ ಬಂದಮೇಲೆ ಆತನ ನಾಣ್ಯಗಳಲ್ಲಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮೇ ೪, ೧೭೯೯ ಎಂದು ನಾವು ಬಾಯಿಪಾಠ ಮಾಡಿರುವುದು ಕೋಟೆಯನ್ನು ಹಿಡಿದವರ ದಿನಾಂಕ. ಕೋಟೆಯಲ್ಲಿ ಸತ್ತವನಿಗೆ ಅದು ಬೇರೆಯೇ ಒಂದು ದಿನವಾಗಿತ್ತು.

ಮನೆಯ ಹತ್ತಿರಕ್ಕೆ ಬರೋಣ. ಗಾಂಧೀಜಿ ಹುಟ್ಟಿದ್ದು ೧೮೬೯ರ ಅಕ್ಟೋಬರ್ ೨ರಂದು. ಇದು ಯಾವ ಮಗುವಿಗೂ ಗೊತ್ತು. ಗುಜರಾತಿನ ಲೆಕ್ಕದಲ್ಲಿ, ನಮ್ಮ ಲೆಕ್ಕದಲ್ಲಿಯೂ, ಅದು ಭಾದ್ರಪದ ಬಹುಳ ದ್ವಾದಶಿ. ತಿಂಗಳನ್ನು ಹುಣ್ಣಿಮೆಗೆ ಮುಗಿಸುವ ಉತ್ತರ ಭಾರತದವರಿಗೆ ಅದೇ ತಿಥಿ ಆಶ್ವಯುಜ ಮಾಸಕ್ಕೆ ಸೇರುತ್ತದೆ. ಗುಜರಾತಿನಲ್ಲಿ ಈ ದ್ವಾದಶಿ ‘ರೆಂಟಿಯಾ ಬಾರಸ್’, ಎಂದರೆ ಚರಕದ ದ್ವಾದಶಿ, ಎಂಬ ಹೆಸರು ಪಡೆಯಿತು. ವ್ಯಕ್ತಿಯ ಹುಟ್ಟಿನ ಬದಲು ಚರಕದ ಹಬ್ಬ ನಡೆಯಲೆಂಬುದು ಗಾಂಧೀಜಿಯ ಇಚ್ಛೆ. ಚಾಂದ್ರವರ್ಷ ಸೌರವರ್ಷಕ್ಕಿಂತ ಹನ್ನೊಂದು ದಿನದಷ್ಟು ಕಿರಿದಾದ್ದರಿಂದ ತಿಥಿ ಹಿಂದೆ ಹಿಂದೆ ಸರಿದು, ಅಧಿಕಮಾಸ ಬಂದಾಗ ಮುಂದಕ್ಕೆ ನೆಗೆದು, ಹತ್ತೊಂಬತ್ತು ವರ್ಷಗಳಿಗೊಮ್ಮೆ ಹೆಚ್ಚುಕಡಿಮೆ ಮೊದಲಿನ ತಾರೀಖಿಗೇ ಮರಳುತ್ತದೆ. ನಿಮ್ಮ ಹತ್ತೊಂಬತ್ತನೆಯ, ಮೂವತ್ತೆಂಟನೆಯ, ಐವತ್ತೇಳನೆಯ ಹುಟ್ಟುಹಬ್ಬಗಳನ್ನು ಪಂಚಾಂಗದೊಡನೆ ಹೋಲಿಸಿ ನೋಡಿ: ಇಂಗ್ಲಿಷ್ ತಾರೀಖೂ ತಿಥಿಯೂ ಅಂದು ಅಕ್ಕಪಕ್ಕದಲ್ಲಿ ಕೂತಿರುತ್ತವೆ. ಬಸವ ಜಯಂತಿಗೆ ರಜೆ ಯಾವಾಗ ಎಂದು ಪ್ರತಿವರ್ಷವೂ ಪಟ್ಟಿ ನೋಡಬೇಕಾಗಿರುವುದು ಇದರಿಂದಲೇ. ಅಕ್ಷಯ ತೃತೀಯಾ ಬಂದ ದಿನವೇ ಬಸವಣ್ಣನವರ ‘ಈ ದಿನ’.

ನಮ್ಮ ಹಿರಿಯರ ತಲೆಮಾರಿನಲ್ಲಿ ಎಷ್ಟೋ ಮಂದಿಯ ಜನ್ಮದಿನ ಮೇ ಕೊನೆಗೋ ಜೂನ್ ಮೊದಲಿಗೋ ಇರುವುದನ್ನು ನೀವು ಗಮನಿಸಿರಬಹುದು. ಶಾಲೆ ಬಾಗಿಲು ತೆರೆಯುವ ಕಾಲಕ್ಕೆ ಮಗುವಿಗೆ ವಯಸ್ಸು ತುಂಬಿರಬೇಕಲ್ಲ! ‘ಮಳೆ ಹಿಡಿದ ವರ್ಷ, ಗೌರಿಹಬ್ಬದ ಹಿಂದಿನ ವಾರ’ ಎಂದು ತಾಯಿ ಹೇಳಿದ್ದನ್ನು ಮೇಷ್ಟರು ಕೇಳಿಸಿಕೊಂಡು, ತಮಗೆ ಅನುಕೂಲವಾದ ತಾರೀಖನ್ನು ದಾಖಲೆ ಪುಸ್ತಕದಲ್ಲಿ ಬರೆದರು. ನಿವೃತ್ತಿಯ ಆಜ್ಞೆ ಬಂದದ್ದು ಆ ತಾರೀಖಿಗೆ. ಇವೆರಡರಲ್ಲಿ ಯಾವುದು ನಿಜವಾದ ದಿನಾಂಕ? ಸರ್ಕಾರದ ಮಟ್ಟಿಗೆ ಮೇಷ್ಟರದು. ಆದರೆ ಮಳೆಯನ್ನೂ ಹಬ್ಬವನ್ನೂ ಹಿಡಿದು ಹೊರಟರೆ ದಾರಿ ತಾಯಿಯ ಮಾತಿನಿಂದಲೇ ತೆರೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮನಸ್ಸಿಗೆ ಹೆಚ್ಚು ತಟ್ಟುವುದು ಇನ್ನೊಂದು ವಿಚಾರ. ದಿನಾಂಕ ತಪ್ಪಾದರೆ ತಿದ್ದಬಹುದು. ದಿನಾಂಕವೇ ಇಲ್ಲದಿದ್ದರೆ? ‘ಈ ದಿನ’ ಎಂಬುದು ಒಂದು ಜರಡಿ; ತಾರೀಖಿನ ಗಾತ್ರವುಳ್ಳದ್ದು ಮಾತ್ರ ಅದರಲ್ಲಿ ಉಳಿಯುತ್ತದೆ. ಹಲ್ಮಿಡಿಯ ಶಾಸನದಲ್ಲಿ ಕಾಲವನ್ನೇ ಹೇಳಿಲ್ಲ. ಐಹೊಳೆಯಲ್ಲಿ ರವಿಕೀರ್ತಿ ತನ್ನ ಜಿನಾಲಯಕ್ಕೆ ಭಾರತ ಯುದ್ಧದಿಂದ ೩೭೩೫ ವರ್ಷ, ಶಕವರ್ಷ ೫೫೬ ಎಂದು ಎರಡು ಬಗೆಯ ಲೆಕ್ಕ ಕೊಟ್ಟ, ಕ್ರಿ. ಶ. ೬೩೪-೩೫ ಎಂದು ನಮಗೆ ಸಿಕ್ಕಿತು, ದಿನ ಸಿಗಲಿಲ್ಲ. ಪಂಪ ದುಂದುಭಿ ಸಂವತ್ಸರದಲ್ಲಿ, ೯೦೨ರಲ್ಲಿ, ಹುಟ್ಟಿದ. ಆದರೆ ಯಾವ ದಿನವೆಂದು ಹೇಳುವ ದಾಖಲೆಯಿಲ್ಲ. ಕವಿರಾಜಮಾರ್ಗ ಮುಗಿದ ದಿನ, ಅಕ್ಕಮಹಾದೇವಿ ಮನೆಯಿಂದ ಹೊರಬಿದ್ದ ದಿನ, ಕುಮಾರವ್ಯಾಸ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಮೊದಲ ಪದ್ಯವನ್ನು ಬರೆದ ದಿನ, ಇವು ಯಾವ ಪಟ್ಟಿಯಲ್ಲೂ ಇಲ್ಲ. ಹೀಗಾಗಿ ಮುನ್ನೂರ ಅರವತ್ತೈದು ದಿನ ಪ್ರಶ್ನೆಗೆ ಉತ್ತರ ಹೇಳಿದ ಹುಡುಗನಿಗೆ ಯೂರೋಪಿನ ಸಂಧಿಪತ್ರಗಳೆಲ್ಲ ಬಾಯಿಗೆ ಬಂದಿರುತ್ತವೆ, ಪಂಪನ ಹೆಸರು ಒಮ್ಮೆಯೂ ಬಂದಿರುವುದಿಲ್ಲ. ಇದು ಪ್ರಶ್ನೆ ಮಾಡಿದವರ ದುರುದ್ದೇಶವೇನಲ್ಲ. ಜರಡಿಯ ಕಣ್ಣು ಅಷ್ಟೇ.

ವ್ಯಕ್ತಿಗಳ ಮಾತಿರಲಿ. ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿದ್ದು ೧೯೦೫ರ ಆಗಸ್ಟ್ ೫ರಂದು. ಅದು ಒಳ್ಳೆಯ ಪ್ರಶ್ನೆ. ಆಫ್ರಿಕದ ಎತ್ತರದ ನಾಡಿನಿಂದ ಹೊರಟ ರಾಗಿ ಸಾವಿರಾರು ವರ್ಷಗಳ ಹಿಂದೆ ನಮ್ಮ ಹೊಲಕ್ಕೆ ಬಂದು, ಇಡೀ ಬಯಲುಸೀಮೆಯ ಊಟವನ್ನೂ ಮೈಕಟ್ಟನ್ನೂ ರೂಪಿಸಿತು. ಅದಕ್ಕೆ ತಾರೀಖಿಲ್ಲವಾದ್ದರಿಂದ ಅದು ಪ್ರಶ್ನೆಯಲ್ಲ. ಒಂದು ಕೆರೆ ಕಟ್ಟಿ ಮುಗಿದ ದಿನ ಶಾಸನದಲ್ಲಿರಬಹುದು. ಅದರ ಹೂಳನ್ನು ವರ್ಷ ವರ್ಷ ಎತ್ತಿದವರ ಕೆಲಸ ಯಾವ ‘ಈ ದಿನ’ಕ್ಕೆ ಸೇರೀತು?

ಹಾಗೆಂದು ಈ ಆಟವನ್ನು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಪ್ರಶ್ನೆಯ ಮುಖವನ್ನು ಅಷ್ಟಿಷ್ಟು ತಿರುಗಿಸಿದರೆ ಸಾಕು. ‘ಈ ದಿನ ಏನಾಯಿತು?’ ಎಂಬುದರ ಜೊತೆಗೆ ‘ಈ ದಿನವೆಂದು ಹೇಗೆ ಗೊತ್ತು?’ ಎಂದೂ ಕೇಳಬಹುದು. ಮನುಷ್ಯ ಚಂದ್ರನ ಮೇಲೆ ಮೊದಲ ಹೆಜ್ಜೆಯಿಟ್ಟದ್ದು ಎಂದು? ೧೯೬೯ರ ಜುಲೈ ೨೦ ಎಂದು ಪುಸ್ತಕಗಳೆಲ್ಲ ಹೇಳುತ್ತವೆ. ಆರ್ಮ್‌ಸ್ಟ್ರಾಂಗ್ ಏಣಿಯಿಂದ ಇಳಿದಾಗ ಅಮೆರಿಕದ ಪೂರ್ವತೀರದಲ್ಲಿ ಭಾನುವಾರ ರಾತ್ರಿ ಹನ್ನೊಂದಕ್ಕೆ ನಾಲ್ಕು ನಿಮಿಷ. ನಮ್ಮಲ್ಲಿ ಆಗ ಸೋಮವಾರ, ಜುಲೈ ೨೧, ಬೆಳಗ್ಗೆ ಎಂಟು ಗಂಟೆ ಇಪ್ಪತ್ತಾರು ನಿಮಿಷ; ಇಲ್ಲಿನ ಮಕ್ಕಳು ಶಾಲೆಗೆ ಹೊರಡುವ ಹೊತ್ತು. ಇಲ್ಲಿ ವಾರದ ಸರಪಣಿಯೂ ನಮ್ಮ ಕೈಬಿಟ್ಟಿತು. ಚಂದ್ರನ ಮೇಲಿದ್ದವನಿಗೆ ಯಾವ ವಾರ ಎಂದು ಒಬ್ಬ ವಿದ್ಯಾರ್ಥಿ ಎದ್ದುನಿಂತು ಕೇಳಿದರೆ, ಅವನಿಗೆ ಪೂರ್ತಿ ಅಂಕ ಕೊಡಲು ಅಡ್ಡಿಯಿಲ್ಲ.

ನಮ್ಮ ದೇಶ ಒಮ್ಮೆ ಈ ಗೋಜಲನ್ನು ಬಿಡಿಸಲು ಯತ್ನಿಸಿತು. ೧೯೫೨ರಲ್ಲಿ ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ದೇಶದಲ್ಲಿ ಆಗ ಬಳಕೆಯಲ್ಲಿದ್ದ ಪಂಚಾಂಗಗಳು ಮೂವತ್ತರಷ್ಟು. ಅವನ್ನೆಲ್ಲ ಪರಿಶೀಲಿಸಿ ಸಮಿತಿ ೧೯೫೫ರಲ್ಲಿ ವರದಿ ಒಪ್ಪಿಸಿತು. ೧೯೫೭ರ ಮಾರ್ಚ್ ೨೨, ಶಕವರ್ಷ ೧೮೭೯ರ ಚೈತ್ರ ೧ ಎಂದು ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ತಿಥಿಯ ಏರುಪೇರಿಲ್ಲದ ಶುದ್ಧ ಸೌರಗಣನೆ ಅದು. ಸರ್ಕಾರದ ರಾಜ್ಯಪತ್ರದಲ್ಲಿ, ಸರ್ಕಾರಿ ಪತ್ರವ್ಯವಹಾರದಲ್ಲಿ, ಆಕಾಶವಾಣಿಯ ವಾರ್ತೆಗಳಲ್ಲಿ ಗ್ರೆಗರಿಯ ತಾರೀಖಿನ ಜೊತೆಗೆ ಇದನ್ನೂ ಹೇಳಬೇಕೆಂದು ನಿರ್ಣಯವಾಯಿತು. ಆ ಲೆಕ್ಕದಲ್ಲಿ ಕುವೆಂಪು ಅವರ ಹುಟ್ಟುಹಬ್ಬವಾದ ಡಿಸೆಂಬರ್ ೨೯ ಪುಷ್ಯ ೮. ೧೯೫೬ರಲ್ಲಿ ನಾಡು ಒಂದಾದ, ೧೯೭೩ರಲ್ಲಿ ಕರ್ನಾಟಕವೆಂಬ ಹೆಸರು ಪಡೆದ ನವೆಂಬರ್ ೧ ಎಂದೆಂದಿಗೂ ಕಾರ್ತಿಕ ೧೦. ಕಾರ್ತಿಕ ಹತ್ತರ ಶುಭಾಶಯಗಳೆಂದು ಬರೆದ ರಾಜ್ಯೋತ್ಸವದ ಕಾಗದ ಈವರೆಗೆ ನನ್ನ ಅಂಚೆಗೆ ಬಂದಿಲ್ಲ.